ಅಜ್ಜಿಯ ಪಟ್ಟದ ಗೊಂಬೆ ಯಾರಿಗೆ ಸೇರಬೇಕು? ಹಳೇ ಸಾಮಾನು ಹಂಚಿಕೊಳ್ಳುವುದು ಹೇಗೆ?

ಮಂಡ್ಯದ_ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಜ್ಜಿಗೆ 84 ವರ್ಷ. ಇಷ್ಟು ಕಾಲ ಪಾಂಡವಪುರದ ಕಡೆ ಹಳ್ಳಿಯ ಮನೆಯಲ್ಲೇ ಇದ್ದರು. ಈಗ ಮಂಡಿನೋವು ಜಾಸ್ತಿಯಾಗಿ ಒಬ್ಬರೇ ಇರಲು ಆಗುತ್ತಿಲ್ಲ, ಹಾಗಾಗಿ ದೀಪಾವಳಿ ಕಳೆದ ಮೇಲೆ ಮೈಸೂರಿಗೆ, ಸೋದರಮಾವನ ಫ್ಲ್ಯಾಟಿಗೆ ಬರುತ್ತಾರೆ. ಊರಿನ ಮನೆ ಮಾರುವುದು ಅಂತ ತೀರ್ಮಾನವಾಗಿದೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದೆಲ್ಲ ಮನೆಯೊಳಗಿನ ಸಾಮಾನಿನ ಬಗ್ಗೆ.

ಅಟ್ಟದಿಂದ ಇಳಿಸಿದ ಮೇಲೆ ಏನೇನಿದೆ ಅಂತ ಗೊತ್ತಾಯಿತು. ಮೊದಲನೆಯದು ಒಂದು ಜೊತೆ ಪಟ್ಟದ ಗೊಂಬೆ, ನವರಾತ್ರಿಗೆ ಕೂರಿಸುವ ರಾಜ ರಾಣಿ. ಅಜ್ಜಿಯ ಮದುವೆಯಲ್ಲಿ ಅವರ ಅಮ್ಮ ಕೊಟ್ಟಿದ್ದು, ಆ ಅಮ್ಮನಿಗೂ ತವರಿನಿಂದಲೇ ಬಂದದ್ದಂತೆ. ರಾಜನ ಮೂಗಿನ ಹತ್ತಿರ ಬಣ್ಣ ಎದ್ದಿದೆ, ರಾಣಿಯ ಪಾದದ ಕೆಳಗೆ ಸಣ್ಣ ಸಣ್ಣ ತೂತು ಕಾಣಿಸುತ್ತಿದೆ. ಆಮೇಲೆ ಅಜ್ಜಿಯ ಧಾರೆ ಸೀರೆ, ಮೈಸೂರು ಸಿಲ್ಕ್. ಜರಿ ಕಪ್ಪಾಗಿದೆ, ಮಡಿಕೆ ಬಿದ್ದಲ್ಲಿ ಸೀಳುತ್ತಿದೆ. ಬೀಟೆ ಮರದ ಒಂದು ಪೆಟ್ಟಿಗೆ ಇದೆ, ಮುಚ್ಚಳದ ಮೇಲೆ ಬಿಳಿ ಕುಸುರಿಯಲ್ಲಿ ಆನೆಗಳ ಸಾಲು. ದೇವರ ಮನೆಯ ಪುಟ್ಟ ವೇಣುಗೋಪಾಲ. ಒಂದು ಕಟ್ಟು ತಾಳೆಗರಿ, ಅದರಲ್ಲಿ ಏನಿದೆ ಅಂತ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಕಂಚಿನ ತಟ್ಟೆ, ಕಲ್ಲಿನ ಮರಿಗೆ. ಜೊತೆಗೆ ಅಜ್ಜಿ ಕೈಯಲ್ಲಿ ಬರೆದ ಹಾಡಿನ ಪುಸ್ತಕ.

ಅಜ್ಜಿಗೆ ಮೂವರು ಮಕ್ಕಳು: ನಮ್ಮಮ್ಮ, ಚಿಕ್ಕಮ್ಮ, ಸೋದರಮಾವ. ಮಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಹೇಳಿದ್ದು ಏನೆಂದರೆ ರಾಜನನ್ನು ಅಕ್ಕ ಇಟ್ಟುಕೊಳ್ಳಲಿ, ರಾಣಿಯನ್ನು ತಂಗಿ ಇಟ್ಟುಕೊಳ್ಳಲಿ, ಸಮ ಆಯಿತಲ್ಲ ಅಂತ. ಅಮ್ಮ ಆ ಮಾತಿಗೆ ಎದ್ದು ಒಳಗೆ ಹೋಗಿಬಿಟ್ಟರು. ಪಾತ್ರೆಗಳನ್ನು ತೂಕಕ್ಕೆ ಕೊಡಿ, ಒಳ್ಳೇ ಬೆಲೆ ಕೊಡುತ್ತೇನೆ ಅಂತ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಆಗಲೇ ಬಂದು ಹೋಗಿದ್ದಾರೆ, ಸೀರೆಯನ್ನೂ ಕೇಳಿದರು. ಅಮೆರಿಕದಲ್ಲಿರುವ ಮಾವನ ಮಗ ವೇಣುಗೋಪಾಲನನ್ನು ತಾನು ತೆಗೆದುಕೊಂಡು ಹೋಗುತ್ತೇನೆ, ಅಲ್ಲಿ ನಿತ್ಯ ಪೂಜೆ ಮಾಡುತ್ತೇನೆ ಅನ್ನುತ್ತಾನೆ.

ಇದನ್ನೆಲ್ಲ ಯಾರ ಮನಸ್ಸೂ ನೋಯದ ಹಾಗೆ ಹಂಚುವುದು ಹೇಗೆ? ಮುಂದಕ್ಕೆ ಹಾಳಾಗದ ಹಾಗೆ ನೋಡಿಕೊಳ್ಳುವುದು ಹೇಗೆ? ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ, ಹೇಳಿ.

ಒಂಟಿಕೊಪ್ಪಲ್_ಗೀತ:

ಮೊದಲು ಗೊಂಬೆಯ ವಿಷಯ ಹೇಳಿಬಿಡುತ್ತೇನೆ. ಯಾವ ಕಾರಣಕ್ಕೂ ಜೋಡಿಯನ್ನು ಬೇರೆ ಮಾಡಬೇಡಿ. ಪಟ್ಟದ ಗೊಂಬೆ ಅಂದರೆ ರಾಜ ರಾಣಿ ಇಬ್ಬರೂ ಸೇರಿ ಒಂದು. ಮದುವೆಯಾಗಿ ಹೋಗುವ ಹುಡುಗಿಗೆ ಜೋಡಿಯಾಗಿಯೇ ಕೊಡುವುದು. ಹೊಸ ಮನೆಯಲ್ಲಿ ಮೊದಲ ನವರಾತ್ರಿಗೆ ಆ ಜೋಡಿಯನ್ನು ಮೇಲಿನ ಮೆಟ್ಟಿಲಲ್ಲಿ ಕಲಶದ ಪಕ್ಕ ಕೂರಿಸಿದ ಮೇಲೆಯೇ ಉಳಿದ ಗೊಂಬೆ ಬರುವುದು. ನಿಮ್ಮಮ್ಮ ಎದ್ದು ಹೋದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬಂದಿತ್ತು. ನಾವು ನಾಲ್ಕು ಜನ ಅಕ್ಕತಂಗಿಯರು, ಗೊಂಬೆ ಒಂದೇ ಜೋಡಿ. ಅಮ್ಮ ಕೇಳಿದ್ದು ಒಂದೇ ಮಾತು, ನಿಮ್ಮಲ್ಲಿ ಪ್ರತಿ ವರ್ಷ ತಪ್ಪದೆ ಗೊಂಬೆ ಕೂರಿಸುವವರು ಯಾರು ಅಂತ. ಮೂರನೇ ಅಕ್ಕ ಅಂದೆವು. ಅವಳಿಗೇ ಹೋಯಿತು. ಉಳಿದ ಮೂವರಿಗೆ ಹೊಸ ಜೋಡಿ ತಂದೆವು, ಆದರೆ ಹಳೇ ಗೊಂಬೆಗೆ ಅಮ್ಮ ಉಡಿಸುತ್ತಿದ್ದ ಜರಿ ಸೀರೆಯ ಅಂಚನ್ನು ಕತ್ತರಿಸಿ ಮೂರೂ ಹೊಸ ರಾಣಿಯರಿಗೆ ಸೆರಗು ಮಾಡಿದೆವು. ಅಮ್ಮನೇ ಕೂತು ಹೊಲಿದುಕೊಟ್ಟರು. ಈಗ ನನ್ನ ಮಗಳಿಗೆ ಅವಳ ಗೊಂಬೆಯೇ ಅಜ್ಜಿಯ ಗೊಂಬೆ, ಹೊಸದು ಅಂತ ಅನ್ನಿಸುವುದೇ ಇಲ್ಲ.

ಇನ್ನು ಆ ತೂತುಗಳು. ಹಳೇ ಪಟ್ಟದ ಗೊಂಬೆಗಳು ಸಾಮಾನ್ಯವಾಗಿ ರಕ್ತಚಂದನದಲ್ಲಿ ಮಾಡಿದವು, ಆ ಮರಕ್ಕೆ ಹುಳ ಬೀಳುವುದು ಕಡಿಮೆ. ಆದರೆ ಅಡಿಯ ಪೀಠವನ್ನು ಬೇರೆ ಮರದಲ್ಲಿ ಮಾಡಿರುವುದುಂಟು, ಅಲ್ಲಿಂದ ಹತ್ತುತ್ತದೆ. ಒಂದು ಬಿಳಿ ಹಾಳೆಯ ಮೇಲೆ ಗೊಂಬೆ ನಿಲ್ಲಿಸಿ ಒಂದು ವಾರ ಬಿಡಿ. ಹಾಳೆಯ ಮೇಲೆ ಸಣ್ಣ ಹುಡಿ ಬಿದ್ದಿದ್ದರೆ ಹುಳ ಇನ್ನೂ ಜೀವಂತ ಇದೆ ಅಂತ ಅರ್ಥ. ಆಗ ಅದನ್ನು ಬೇರೆ ಮರದ ಸಾಮಾನಿನಿಂದ ದೂರ ಇಡಿ, ತಿಳಿದವರಿಗೆ ತೋರಿಸಿ. ಹುಡಿ ಬಿದ್ದಿಲ್ಲ ಅಂದರೆ ಅದು ಹಳೇ ತೂತು, ಗಾಬರಿ ಬೇಡ.

ಬಣ್ಣ ಎದ್ದಿದೆ ಅಂತ ಅಂಗಡಿಯಿಂದ ಎನಾಮೆಲ್ ತಂದು ಬಳಿಯಬೇಡಿ. ನಮ್ಮ ಬೀದಿಯಲ್ಲೇ ಒಬ್ಬರು ಹಾಗೆ ಬಳಿಸಿದರು, ಗೊಂಬೆ ಫಳಫಳ ಹೊಳೆಯುತ್ತದೆ, ಆದರೆ ಹಳೇ ಮುಖ ಹೊರಟುಹೋಯಿತು. ಕಣ್ಣು ಬರೆದ ಕೈ ಬೇರೆ ಆದರೆ ಗೊಂಬೆಯೇ ಬೇರೆ ಆಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ, ಕೊಬ್ಬರಿ ಎಣ್ಣೆ ಹಚ್ಚುವುದೂ ಬೇಡ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು. ತೀರಾ ಉದುರುತ್ತಿದ್ದರೆ ಬೆಂಗಳೂರಿನಲ್ಲಿ ಪಾರಂಪರಿಕ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ಕೇಳಿ.

ಹಬ್ಬ ಮುಗಿದ ಮೇಲೆ ಎತ್ತಿಡುವುದು ಮುಖ್ಯ. ವಿಜಯದಶಮಿ ರಾತ್ರಿ ಗೊಂಬೆ ಮಲಗಿಸಿ, ಮಾರನೇ ದಿನ ಒಗೆದು ಒಗೆದು ಮೆತ್ತಗಾದ ಹಳೇ ಪಂಚೆಯಲ್ಲಿ ಸುತ್ತಿ ಇಡುವುದು ನಮ್ಮ ಹಿರಿಯರ ಪದ್ಧತಿ. ಪಂಚೆಯೇ ಸರಿ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದರೆ ಒಳಗೆ ತೇವ ಕೂತು ಬಣ್ಣ ಬಿಡುತ್ತದೆ. ಒಣಗಿದ ಬೇವಿನ ಸೊಪ್ಪು ಹಾಕಿ, ಹಸಿ ಸೊಪ್ಪು ಬೇಡ.

ಧಾರವಾಡ_ಪೇಢೆ:

ಆ ಸೀರೆಯನ್ನ ವ್ಯಾಪಾರಿಗೆ ಕೊಡಬೇಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಅವರು ಸೀರೆ ಕೊಳ್ಳುವುದು ಉಡುವುದಕ್ಕಲ್ಲ. ಅಂಚು ಸೆರಗು ಕತ್ತರಿಸಿ ಸುಟ್ಟು ಅದರಲ್ಲಿರುವ ಬೆಳ್ಳಿ ತೆಗೆಯುತ್ತಾರೆ, ಅಷ್ಟೇ. ಇಂದಿಗೂ ರಾಜ್ಯ ಸರ್ಕಾರದ ರೇಷ್ಮೆ ಸಂಸ್ಥೆ ಕೆಎಸ್‌ಐಸಿಯ ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ. ಜರಿ ಕಪ್ಪಾಗಿದೆ ಅಂತ ಬೇಸರ ಪಡುವುದೂ ಬೇಡ. ಬೆಳ್ಳಿ ಇದ್ದದ್ದಕ್ಕೇ ಕಪ್ಪಾಗುವುದು, ಪ್ಲಾಸ್ಟಿಕ್ ಜರಿ ಹಾಗೆ ಕಪ್ಪಾಗುವುದಿಲ್ಲ. ಆ ಮೈಸೂರಿನ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ್ದು. ನಿಮ್ಮ ಅಜ್ಜಿಯ ಸೀರೆ ಅಲ್ಲಿಂದಲೇ ಬಂದಿರಬಹುದು, ಅವರನ್ನೇ ಕೇಳಿ ನೋಡಿ, ಯಾವ ಅಂಗಡಿ, ಯಾರು ಹೋಗಿ ತಂದರು, ಎಷ್ಟು ಕೊಟ್ಟರು. ಆ ಕಾಲದವರಿಗೆ ಧಾರೆ ಸೀರೆಯ ಬೆಲೆ ಮರೆಯುವುದಿಲ್ಲ.

ನಮ್ಮ ಕಡೆ ಮದುವೆಗೆ ಚಂದ್ರಕಾಳಿ ಸೀರೆ ಅಂತ ಕೊಡುತ್ತಿದ್ದರು, ಕಪ್ಪು ಸೀರೆ, ಮೈತುಂಬ ಕಸೂತಿ. ನಮ್ಮ ಅವ್ವನ ಹತ್ತಿರ ಅವರ ಅವ್ವ ಕೈಯಾರೆ ಹಾಕಿದ ಒಂದು ಇದೆ. ಗೋಪುರ, ತೇರು, ತುಳಸಿ ಕಟ್ಟೆ, ಆನೆ ಎಲ್ಲ ಇವೆ, ಗಂಟು ಹಾಕದೆ ಎಳೆ ಎಣಿಸಿ ಹಾಕಿದ ಗವಂತಿ, ಮುರಗಿ ಹೊಲಿಗೆ. ಅದನ್ನ ಕಪಾಟಿನಲ್ಲಿ ಹ್ಯಾಂಗರ್‌ಗೆ ನೇತುಹಾಕಿದ್ದರು. ಭಾರಕ್ಕೆ ಹೆಗಲ ಹತ್ತಿರ ಎಳೆ ಜಗ್ಗಿ ರೇಷ್ಮೆ ಹರಿಯಲು ಶುರುವಾಗಿತ್ತು. ಈಗ ಮಡಚಿ ಇಡುತ್ತೇವೆ. ಮಡಚುವುದಕ್ಕೂ ರೀತಿ ಇದೆ: ತೊಳೆದು ಗಂಜಿ ಪೂರ್ತಿ ಹೋದ ಬಿಳಿ ಹತ್ತಿ ಬಟ್ಟೆಯನ್ನು ಸೀರೆಯ ಜೊತೆಗೇ ಒಳಗೆ ಇಟ್ಟು ದಪ್ಪಗೆ ಮಡಚಬೇಕು, ಮಡಿಕೆ ಚೂಪಾಗಬಾರದು. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಜಾಗದಲ್ಲಿ ಮಡಿಕೆ ಬರುವ ಹಾಗೆ ಮತ್ತೆ ಮಡಚಿ. ನಿಮ್ಮ ಸೀರೆ ಸೀಳುತ್ತಿರುವುದು ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಕೆ ಕೂತಿದ್ದಕ್ಕೆ. ನುಸಿಗುಳಿಗೆ ನೇರವಾಗಿ ರೇಷ್ಮೆ, ಜರಿಗೆ ತಾಗಬಾರದು. ಹುಣಸೆಹಣ್ಣು, ನಿಂಬೆಹುಳಿ ಹಾಕಿ ಜರಿ ಉಜ್ಜಬೇಡಿ. ಕಪ್ಪು ಹೋಗುತ್ತದೆ, ಜೊತೆಗೆ ಮೇಲಿನ ಚಿನ್ನದ ಲೇಪವೂ ಹೋಗುತ್ತದೆ.

ಸೀಳಿರುವುದನ್ನು ಸುಮ್ನೆ ಬಿಟ್ಟರೆ ಬೆಳೆಯುತ್ತದೆ. ಹಿಂದೆ ತೆಳು ರೇಷ್ಮೆ ಬಟ್ಟೆ ಕೊಟ್ಟು ಅದೇ ಬಣ್ಣದ ನೂಲಿನಲ್ಲಿ ಹಗುರವಾಗಿ ಹೊಲಿಸಿ. ಫೆವಿಕಾಲ್, ಇಸ್ತ್ರಿ ಮಾಡಿ ಅಂಟಿಸುವ ಪಟ್ಟಿ ಇವೆಲ್ಲ ಬೇಡ.

ಉಡಲು ಆಗದಷ್ಟು ಹರಿದ ಹತ್ತಿ ಸೀರೆಗಳೂ ಪೆಟ್ಟಿಗೆಯಲ್ಲಿ ಇರುತ್ತವಲ್ಲ, ಅವನ್ನು ಎಸೆಯಬೇಡಿ, ಕೌದಿ ಹೊಲಿಸಿ. ನಮ್ಮ ಮನೆಯಲ್ಲಿ ಅಮ್ಮನ ಕೌದಿ ಅಂತ ಒಂದಿದೆ, ಅದರಲ್ಲಿ ಅಜ್ಜಿಯ ಇಳಕಲ್ ಸೀರೆಯ ತುಂಡು, ಅಪ್ಪನ ಧೋತರ, ನನ್ನ ಚಿಕ್ಕಂದಿನ ಲಂಗ ಎಲ್ಲ ಸೇರಿದೆ. ಮಕ್ಕಳು ಹೊದ್ದುಕೊಂಡು ಇದು ಯಾರದು ಅದು ಯಾರದು ಅಂತ ಕೇಳುತ್ತಾವೆ. ಮೂವರು ಮಕ್ಕಳಿಗೆ ಮೂರು ಕೌದಿ ಆದರೆ ಹಂಚಿಕೆಯ ತಲೆನೋವೂ ಇಲ್ಲ.

ತುಂಗಾತೀರ_ವಕೀಲ:

ಕಾನೂನಿನ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ, ಯಾಕೆಂದರೆ ನೀವು ಬರೆದ ಪಟ್ಟಿಯಲ್ಲಿ ಎರಡು ಮೂರು ವಸ್ತುಗಳಿಗೆ ಕಾನೂನಿನ ತೊಡಕಿದೆ.

ಮೊದಲನೆಯದು ಒಡೆತನ. ಅಜ್ಜಿಗೆ ತವರಿನಿಂದ ಬಂದದ್ದು, ಮದುವೆಯಲ್ಲಿ ಸಿಕ್ಕಿದ್ದು ಎಲ್ಲ ಅವರ ಸ್ವಂತದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅವರಿಗೆ ಅದರ ಮೇಲೆ ಪೂರ್ಣ ಹಕ್ಕು. ಅವರು ಇರುವಾಗ ಮಕ್ಕಳು ಕೂತು ಹಂಚಿಕೊಳ್ಳುವುದು ಅನ್ನುವ ಪ್ರಶ್ನೆಯೇ ಇಲ್ಲ. ಕೊಡುವವರು ಅವರು. ಚರಾಸ್ತಿಯನ್ನು ದಾನ ಮಾಡಲು ನೋಂದಣಿ ಬೇಡ, ಕೈಗೆ ಎತ್ತಿ ಕೊಟ್ಟರೆ ಸಾಕು. ಬೇಕಾದರೆ ಒಂದು ಹಾಳೆಯಲ್ಲಿ ಯಾರಿಗೆ ಏನು ಅಂತ ಬರೆದು ಸಹಿ ಹಾಕಲಿ. ವಿಲ್ ಬರೆಯುವುದಾದರೆ ಇಬ್ಬರು ಸಾಕ್ಷಿಗಳು ಇರಬೇಕು, ನೋಂದಣಿ ಕಡ್ಡಾಯವಲ್ಲ. ಏನೂ ಮಾಡದೆ ಬಿಟ್ಟರೆ ಮುಂದೆ ಮೂವರು ಮಕ್ಕಳಿಗೂ ಸಮಪಾಲು ಬರುತ್ತದೆ. ಒಂದು ಜೋಡಿ ಗೊಂಬೆಗೆ ಮೂರು ಸಮಪಾಲು ಮಾಡುವುದು ಹೇಗೆ ಅಂತ ನೀವೇ ಯೋಚಿಸಿ. ಅಜ್ಜಿಯೇ ಈಗ ತಮ್ಮ ಬಾಯಲ್ಲಿ ಹೇಳಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಎರಡನೆಯದು ವೇಣುಗೋಪಾಲ. ವಿಗ್ರಹ 100 ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಅದು ಪುರಾತನ ವಸ್ತು. ಮನೆಯವರು ಇಟ್ಟುಕೊಳ್ಳಬಹುದು, ಪೂಜೆ ಮಾಡಬಹುದು, ಆದರೆ ಲೋಹದ ವಿಗ್ರಹವನ್ನು ಪುರಾತತ್ವ ಇಲಾಖೆಯ ನೋಂದಣಾಧಿಕಾರಿಯ ಬಳಿ ನೋಂದಾಯಿಸಬೇಕು. ಖಾಸಗಿ ವ್ಯಕ್ತಿಗಳು ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗೇ ಇಲ್ಲ. ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಟ್ಟುಕೊಂಡು ಹೋದರೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿಯುತ್ತಾರೆ, ವಿಗ್ರಹವೂ ಹೋಗುತ್ತದೆ, ಹುಡುಗನ ಮೇಲೆ ಕೇಸೂ ಆಗುತ್ತದೆ. 100 ವರ್ಷ ಆಗಿಲ್ಲ ಅನ್ನಿಸಿದರೆ ಮೊದಲು ಪುರಾತತ್ವ ಇಲಾಖೆಗೆ ತೋರಿಸಿ, ಇದು ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ತೆಗೆದುಕೊಂಡೇ ಹೊರಡಬೇಕು. ತಾಳೆಗರಿಗೆ ಈ ಮಿತಿ ಇನ್ನೂ ಕಡಿಮೆ, 75 ವರ್ಷ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ, ಆ ಬೀಟೆ ಪೆಟ್ಟಿಗೆಯ ಬಿಳಿ ಕುಸುರಿ. ಮೈಸೂರಿನ ಹಳೇ ಕುಸುರಿ ಕೆಲಸದಲ್ಲಿ ಆನೆದಂತ ಬಳಸುತ್ತಿದ್ದರು. ಆಮೇಲೆ ಮೂಳೆ ಬಂತು, ಈಗ ಪ್ಲಾಸ್ಟಿಕ್. ಭೂತಗನ್ನಡಿ ಇಟ್ಟು ನೋಡಿ. ಮೂಳೆಯಾದರೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಅಥವಾ ಗೀರು ಕಾಣುತ್ತದೆ. ದಂತವಾದರೆ ಆ ಚುಕ್ಕೆ ಇರುವುದಿಲ್ಲ, ಕೆಲವು ಕಡೆ ಒಂದರ ಮೇಲೊಂದು ಹಾದುಹೋಗುವ ಸಣ್ಣ ಗೆರೆ ಕಾಣಬಹುದು. ದಂತ ಅಂತ ಆದರೆ ಮಾರುವಂತಿಲ್ಲ, ಅದು ಅಪರಾಧ. ಒಡೆತನದ ಪ್ರಮಾಣಪತ್ರ ಇರಬೇಕು. ವಾರಸಿನಿಂದ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ವಾರ್ಡನ್‌ಗೆ ತಿಳಿಸಬೇಕು. ಮನೆಯಲ್ಲಿ ಹುಲಿ ಉಗುರಿನ ಪದಕ ಇದ್ದರೂ ಇದೇ ಕಥೆ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪದಕ ಹಾಕಿಕೊಂಡಿದ್ದಕ್ಕೆ ಬಂಧನವಾಗಿದ್ದು ನೆನಪಿದೆಯಲ್ಲ? ತಾತನ ಕಾಲದ್ದು ಅನ್ನುವ ಒಂದೇ ಕಾರಣಕ್ಕೆ ಕಾನೂನು ಬಿಡುವುದಿಲ್ಲ. ನಿಮ್ಮ ಊರಿನ ವಕೀಲರ ಬಳಿ ಒಮ್ಮೆ ಪೆಟ್ಟಿಗೆಯ ವಿಷಯ ಮಾತಾಡಿ, ಆಮೇಲೆ ಯಾರಿಗೆ ಅಂತ ತೀರ್ಮಾನ ಮಾಡಿ.

ಮಂಡ್ಯದ_ಮೊಮ್ಮಗಳು:

ಅಯ್ಯೋ, ಪೆಟ್ಟಿಗೆಯ ವಿಷಯ ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ತುಂಬಾ ಉಪಕಾರವಾಯಿತು. ಮಾವನ ಮಗನಿಗೂ ಈ ಮಾತು ಕಳಿಸಿದೆ, ಅವನು ಸದ್ಯಕ್ಕೆ ಸುಮ್ಮನಾಗಿದ್ದಾನೆ.

ಗೀತ ಅವರೇ, ಬಿಳಿ ಹಾಳೆ ಇಟ್ಟಿದ್ದೇವೆ. ಇನ್ನೊಂದು ಪ್ರಶ್ನೆ. ಎಲ್ಲವನ್ನೂ ಬ್ಯಾಂಕ್ ಲಾಕರ್‌ಗೆ ಹಾಕಿಬಿಡೋಣ, ಯಾರಿಗೂ ಬೇಡ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ಅಜ್ಜಿಯ ಹಳೇ ಚಿನ್ನವೂ ಸ್ವಲ್ಪ ಇದೆ, ಅಡ್ಡಿಕೆ ಮತ್ತು ಒಂದು ಜೊತೆ ಜುಮಕಿ. ಅದನ್ನು ಕರಗಿಸಿ ಮೂವರಿಗೂ ನಾಣ್ಯ ಮಾಡಿಸಿದರೆ ಸಮ ಆಗುತ್ತದೆ ಅನ್ನುವ ಮಾತೂ ಬಂದಿದೆ.

ಮಡಿಕೇರಿ_ಮಂಜು:

ಕರಗಿಸಬೇಡಿ. ದಯವಿಟ್ಟು ಬೇಡ.

ನಾವು ಕೊಡವರು, ನಮ್ಮ ಮನೆಯಲ್ಲಿ ಜೋಮಾಲೆ, ಕೊಕ್ಕೆತಾತಿ, ಪತ್ತಾಕ್ ಎಲ್ಲ ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದವು. ಈ ಹಳೇ ಒಡವೆಗಳಲ್ಲಿ ಎಷ್ಟೋ ಒಳಗೆ ಟೊಳ್ಳು, ತೆಳು ಚಿನ್ನದ ತಗಡಿನೊಳಗೆ ಅರಗು ತುಂಬಿರುತ್ತಾರೆ. ಜೋಮಾಲೆಯ ಗುಂಡುಗಳೂ ಹಾಗೇ. ತೂಗಿದಾಗ ಒಂದು ಲೆಕ್ಕ, ಕರಗಿಸಿದ ಮೇಲೆ ಇನ್ನೊಂದು ಲೆಕ್ಕ. ನನ್ನ ದೊಡ್ಡಮ್ಮ ಹಳೇ ಪತ್ತಾಕ್ ಕೊಟ್ಟು ಹೊಸ ಸರ ತೆಗೆದುಕೊಂಡರು. ಅರಗು ಕಳೆದು, ಕೆಂಪು ಕಲ್ಲು ಕಳೆದು, ವೇಸ್ಟೇಜ್ ಕಳೆದು, ಮೇಲೆ ಮಜೂರಿ ಸೇರಿಸಿ ಕೊನೆಗೆ ಕೈಗೆ ಬಂದದ್ದು ಎಲ್ಲ ಅಂಗಡಿಯಲ್ಲೂ ಸಿಗುವ ಒಂದು ಸರ. ಹಾವಿನ ಹೆಡೆ, ನಡುವೆ ಪವನು, ಸುತ್ತ ಕೆಂಪು ಇದ್ದ ಆ ಪದಕವನ್ನು ಮಾಡಿದ ಪತ್ತಾರರ ಮಕ್ಕಳು ಈಗ ಆ ಕೆಲಸದಲ್ಲೇ ಇಲ್ಲ. ಮದುವೆ ಮನೆಯಲ್ಲಿ ಬೇರೆಯವರ ಕುತ್ತಿಗೆಯಲ್ಲಿ ಪತ್ತಾಕ್ ಕಂಡಾಗಲೆಲ್ಲ ದೊಡ್ಡಮ್ಮ ಹತ್ತಿರ ಹೋಗಿ ಮುಟ್ಟಿ ನೋಡುತ್ತಾರೆ.

ಹಾಲ್‌ಮಾರ್ಕ್ ಇಲ್ಲ ಅಂತ ಹೆದರಿಸಿದರೆ ಹೆದರಬೇಡಿ. ಹಾಲ್‌ಮಾರ್ಕ್ ಕಡ್ಡಾಯ ಆಗಿರುವುದು ಅಂಗಡಿಯವರು ಮಾರುವ ಒಡವೆಗೆ. ನಿಮ್ಮ ಮನೆಯ ಹಳೇ ಒಡವೆಯನ್ನು ಹಾಗೇ ಇಟ್ಟುಕೊಳ್ಳಬಹುದು. ಶುದ್ಧತೆ ತಿಳಿಯಬೇಕು ಅಂದರೆ ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಮಾನ್ಯತೆ ಇರುವ ಪರೀಕ್ಷಾ ಕೇಂದ್ರದಲ್ಲಿ ಹಣ ಕಟ್ಟಿ ನೋಡಿಸಿ.

ಸಮ ಮಾಡಲೇಬೇಕು ಅಂದರೆ ಬೆಲೆ ಕಟ್ಟಿಸಿ. ಅಡ್ಡಿಕೆ ತೆಗೆದುಕೊಂಡವರು ಇನ್ನೊಬ್ಬರಿಗೆ ಮನೆ ಮಾರಿದ ದುಡ್ಡಿನಲ್ಲಿ ಸ್ವಲ್ಪ ಜಾಸ್ತಿ ಬಿಟ್ಟುಕೊಡಲಿ. ನಮ್ಮಲ್ಲಿ ಕೈಲ್‌ಪೊಳ್ದ್ ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಹೊರಗೆ ತೆಗೆದು ಹೂ ಇಟ್ಟು ಪೂಜೆ ಮಾಡುತ್ತೇವೆ. ವರ್ಷಕ್ಕೊಮ್ಮೆಯಾದರೂ ಕೈಗೆ ಬರುತ್ತದಲ್ಲ, ಅದಕ್ಕೇ ಮಕ್ಕಳಿಗೂ ಯಾವ ಕತ್ತಿ ಯಾವ ತಾತನದ್ದು ಅಂತ ಗೊತ್ತು. ಲಾಕರ್‌ನಲ್ಲಿ ಇಟ್ಟಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಚಿನ್ನ ಲಾಕರ್‌ನಲ್ಲಿ ಇರಲಿ, ಹಬ್ಬಕ್ಕೆ ತಂದು ಹಾಕಿಕೊಳ್ಳಿ. ಸೀರೆ, ಗೊಂಬೆ, ಪುಸ್ತಕ ಮಾತ್ರ ಲಾಕರ್‌ಗೆ ಬೇಡ, ಗಾಳಿಯಾಡದೆ ಹಾಳಾಗುತ್ತವೆ.

ಪುತ್ತೂರು_ಹಲಸು:

ಪಾತ್ರೆಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹೆಚ್ಚಿನವರು ಪಾತ್ರೆಯನ್ನು ಮೊದಲು ಮಾರುತ್ತಾರೆ, ಯಾಕೆಂದರೆ ಅದು ಭಾರ, ಜಾಗ ತಿನ್ನುತ್ತದೆ. ಆದರೆ ಮನೆಯ ಹೆಂಗಸರು ದಿನಾ ಮುಟ್ಟಿದ್ದು ಅದನ್ನೇ. ಎಲ್ಲವನ್ನೂ ಇಟ್ಟುಕೊಳ್ಳಿ ಅನ್ನುವುದಿಲ್ಲ, ಫ್ಲ್ಯಾಟಿನಲ್ಲಿ ಹಂಡೆ ಎಲ್ಲಿ ಇಡುತ್ತೀರಿ. ತಲೆಗೊಂದೆರಡು ಆರಿಸಿಕೊಳ್ಳಿ, ಆದರೆ ಆರಿಸಿಕೊಂಡದ್ದನ್ನು ಬಳಸಿ. ಹಿತ್ತಾಳೆಗೆ, ತಾಮ್ರಕ್ಕೆ ಒಳಗೆ ಕಲಾಯಿ ಹಾಕಿಸದೆ ಹುಳಿ ಹಾಕಿದ ಅಡುಗೆ ಮಾಡಬಾರದು, ಲೋಹ ಬಿಟ್ಟು ಸಾರು ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಕಲಾಯಿಯವರು ಇನ್ನೂ ಸಿಗುತ್ತಾರೆ, ಹಳೇ ಪಾತ್ರೆ ಬೀದಿಗಳಲ್ಲಿ ಕೇಳಿ. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರಿ ಬಟ್ಟೆಯಲ್ಲಿ ಒರೆಸಿದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ. ಅದು ಸವೆದು ಕೆಂಪು ಕಂಡಾಗ ಮತ್ತೆ ಹಾಕಿಸಬೇಕು.

ಕಲ್ಲಿನ ಮರಿಗೆಯನ್ನು ಯಾರಿಗೂ ಕೊಡಬೇಡಿ. ಉಪ್ಪಿನಕಾಯಿ, ಮೊಸರು ಅದರಲ್ಲಿ ಇಡುವಂಥದ್ದು ಬೇರೆ ಯಾವುದರಲ್ಲೂ ಆಗುವುದಿಲ್ಲ. ಹುಳಿ ಹಾಕಿದರೂ ಅದು ಬಿಡುವುದಿಲ್ಲ. ತುಂಬಾ ದಿನ ಬಳಸದಿದ್ದರೆ ಒಮ್ಮೆಲೇ ಬೆಂಕಿಯ ಮೇಲೆ ಇಡಬೇಡಿ, ಸೀಳುತ್ತದೆ. ಅನ್ನದ ಗಂಜಿ ತುಂಬಿಸಿ ಒಂದೆರಡು ದಿನ ಇಟ್ಟು, ಎಣ್ಣೆ ಸವರಿ, ಮತ್ತೆ ಸಣ್ಣ ಉರಿಯಲ್ಲಿ ಶುರು ಮಾಡಿ.

ನಮ್ಮಲ್ಲಿ ಅಜ್ಜಿಯ ಚೆನ್ನೆಮಣೆ ಇತ್ತು, ಹಲಸಿನ ಮರದ್ದು, ಹದಿನಾಲ್ಕು ಗುಳಿ. ಅದರ ಕೆಂಪು ಮಂಜೊಟ್ಟಿ ಕಾಯಿಗಳು ಅಜ್ಜಿಯ ಕಾಲದವೇ. ಹಂಚುವಾಗ ಯಾರಿಗೂ ಅದು ಬೇಕಾಗಿರಲಿಲ್ಲ, ಶೋಕೇಸಿಗೆ ಚೆನ್ನಾಗಿರುತ್ತದೆ ಅಂತ ಒಬ್ಬರು ಹೇಳಿದರು. ಅಜ್ಜಿ ಒಪ್ಪಲಿಲ್ಲ. ಆಡಲು ಬರುವವರಿಗೇ ಕೊಡುವುದು ಅಂದರು. ನಮ್ಮ ಪೈಕಿ ಆಟ ಗೊತ್ತಿದ್ದದ್ದು ಚಿಕ್ಕಪ್ಪನ ಮಗಳಿಗೆ ಮಾತ್ರ. ಈಗ ಅವಳ ಮನೆಯಲ್ಲಿ ಆಟಿ ತಿಂಗಳ ಮಳೆಗೆ ಮಕ್ಕಳೆಲ್ಲ ಸುತ್ತ ಕೂತು ಆಡುತ್ತಾರೆ. ನೀವೂ ವಸ್ತುವಿಗಿಂತ ಮೊದಲು ಅದನ್ನು ಬಳಸುವವರು ಯಾರು ಅಂತ ನೋಡಿ. ಹಾಡಿನ ಪುಸ್ತಕ ಹಾಡುವವರಿಗೆ ಹೋಗಲಿ.

ಸರಸ್ವತಿಪುರಂ_ಓದುಗ:

ತಾಳೆಗರಿಯ ಬಗ್ಗೆ. ನೀವು ಪಾಂಡವಪುರದ ಕಡೆಯವರು ಅಂದಿರಿ, ಮೇಲುಕೋಟೆ ಹತ್ತಿರವೇ ಇದೆ. ಅಲ್ಲಿನ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಹಸ್ತಪ್ರತಿಗಳ ಸಂಗ್ರಹ ಇದೆ. ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಒಂದೆರಡು ಗರಿಯ ಫೋಟೋ ತೆಗೆದುಕೊಂಡು ಹೋಗಿ ಲಿಪಿ ಯಾವುದು, ವಿಷಯ ಏನು ಅಂತ ಕೇಳಿ. ಕನ್ನಡವೇ ಇರಬಹುದು, ಗ್ರಂಥ ಲಿಪಿ, ತೆಲುಗು ಇರಬಹುದು. ಮನೆಮದ್ದು, ಪಂಚಾಂಗ, ಹೊಲದ ಲೆಕ್ಕ ಏನು ಬೇಕಾದರೂ ಇರಬಹುದು, ಲೆಕ್ಕ ಇದ್ದರೂ ಅದು ನಿಮ್ಮ ಮನೆತನದ ಕಥೆಯೇ.

ಮನೆಯ ಕಟ್ಟು ತಾನೇ ಅಂತ ಹಗುರ ಮಾಡಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಮೈಸೂರಿನ ಇದೇ ಸಂಸ್ಥೆಗೆ ಬಂದದ್ದು ತಂಜಾವೂರು ಕಡೆಯ ಒಬ್ಬ ಪಂಡಿತರ ಕೈಯಿಂದ. ಅವರು ತಂದುಕೊಟ್ಟ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಗರಿಗಳು ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿ, ಮುರಿಯುತ್ತವೆ. ದಾರ ಹಳತಾಗಿದ್ದರೆ ಬಿಗಿಯಾಗಿ ಕಟ್ಟಬೇಡಿ. ಗರಿಗಳ ಕ್ರಮ ತಪ್ಪಿಸಬೇಡಿ. ಅಕ್ಷರ ಕಾಣುವುದಿಲ್ಲ ಅಂತ ನೀವೇ ಮಸಿ ಉಜ್ಜಬೇಡಿ. ಬರೆಯುವಾಗ ಕಂಠ ಅನ್ನುವ ಚೂಪು ಮೊನೆಯ ಕಡ್ಡಿಯಿಂದ ಕೊರೆದಿರುತ್ತಾರೆ, ಮಸಿ ಹೋಗಿದ್ದರೂ ಗೀರು ಉಳಿದಿರುತ್ತದೆ, ತಿಳಿದವರು ನಿಂಬೆಹುಲ್ಲಿನ ಎಣ್ಣೆ ಹಚ್ಚಿ ಮಸಿ ಸವರಿದರೆ ಮತ್ತೆ ಎದ್ದು ಕಾಣುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ ಸ್ಕ್ಯಾನ್ ಮಾಡಿಸಿಕೊಂಡು ಕಟ್ಟನ್ನು ಮನೆಯಲ್ಲೇ ಇಟ್ಟುಕೊಳ್ಳಲು ಆಗುತ್ತದೆಯೇ ಅಂತ ಕೇಳಿ.

ಹಾಡಿನ ಪುಸ್ತಕಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಎರಡೂ ಕಾಗದವನ್ನು ಕೊಲ್ಲುತ್ತವೆ. ಕಿಟಕಿಯ ಹತ್ತಿರ ಇಟ್ಟು ಪುಟ ಪುಟವೂ ಫೋಟೋ ತೆಗೆಯಿರಿ, ಖಾಲಿ ಪುಟ, ರಟ್ಟು, ಅಂಚಿನಲ್ಲಿ ಬರೆದ ಹಾಲಿನ ಲೆಕ್ಕವೂ ಸೇರಿ. ಹಳೇ ಫೋಟೋಗಳಿದ್ದರೆ ಹಿಂದೆ ಸೀಸದ ಕಡ್ಡಿಯಲ್ಲಿ ಹಗುರವಾಗಿ ಹೆಸರು ಬರೆಯಿರಿ, ಪೆನ್ನು ಬೇಡ. ಈಗ ಅಜ್ಜಿಗೆ ಗುರುತು ಸಿಗುತ್ತದೆ. ಆಮೇಲೆ ಯಾರನ್ನು ಕೇಳುತ್ತೀರಿ?

ಮಂಡ್ಯದ_ಮೊಮ್ಮಗಳು:

ಎಲ್ಲರ ಮಾತನ್ನೂ ಅಮ್ಮನಿಗೆ, ಚಿಕ್ಕಮ್ಮನಿಗೆ ಓದಿ ಹೇಳಿದೆ. ಭಾನುವಾರ ಎಲ್ಲರೂ ಊರಿಗೆ ಹೋಗಿ ಅಜ್ಜಿಯ ಮುಂದೆಯೇ ಕೂತೆವು. ಅಷ್ಟು ದಿನ ಅವರನ್ನು ಬಿಟ್ಟು ಎಲ್ಲರೂ ಮಾತಾಡುತ್ತಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ.

ಗೊಂಬೆ ಚಿಕ್ಕಮ್ಮನಿಗೆ ಅಂತ ಅಜ್ಜಿ ಒಂದೇ ಮಾತಿನಲ್ಲಿ ಹೇಳಿದರು. ಕಾರಣವೂ ಹೇಳಿದರು, ಅವಳು ಹೆರಿಗೆಯ ವರ್ಷವೂ ಗೊಂಬೆ ಕೂರಿಸಿದಳು ಅಂತ. ಅಮ್ಮನಿಗೆ ಬೇಜಾರಾಗಿದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಹಿರಿಯ ಮಗಳಿಗೆ ಬರಬೇಕು ಅಂತ ಅವರ ಮನಸ್ಸಿನಲ್ಲಿತ್ತು. ಸೀರೆ ಅಮ್ಮನಿಗೆ ಬಂದಿದೆ. ಗೀತ ಅವರ ಮನೆಯ ಹಾಗೆ ಹೊಸ ಜೋಡಿ ತಂದು ಹಳೇ ಜರಿಯಲ್ಲಿ ಸೆರಗು ಮಾಡೋಣ ಅಂದೆ, ಅಮ್ಮ ಇನ್ನೂ ಏನೂ ಹೇಳಿಲ್ಲ. ಸಮಯ ಬೇಕು ಅನ್ನಿಸುತ್ತದೆ. ಬಿಳಿ ಹಾಳೆಯ ಮೇಲೆ ಹುಡಿ ಬಿದ್ದಿಲ್ಲ.

ವೇಣುಗೋಪಾಲ ಮಾವನ ಮನೆಗೆ, ಅಜ್ಜಿಯ ಜೊತೆಗೇ. ಚಿನ್ನ ಕರಗಿಸುವ ಮಾತು ನಿಂತಿತು. ಪೆಟ್ಟಿಗೆಯನ್ನು ವಕೀಲರಿಗೆ ತೋರಿಸುವವರೆಗೆ ಯಾರೂ ಮುಟ್ಟುವುದಿಲ್ಲ. ಹಾಡಿನ ಪುಸ್ತಕ ನನಗಂತೆ. ಅದರಲ್ಲಿ ಆರತಿ ಹಾಡು, ಹಸೆ ಹಾಡು, ಬೀಗರ ಹಾಡು ಎಲ್ಲ ಇವೆ, ಆದರೆ ಸಾಹಿತ್ಯ ಮಾತ್ರ, ಧಾಟಿ ಅಜ್ಜಿಗಷ್ಟೇ ಗೊತ್ತು. ಮೊಬೈಲ್‌ನಲ್ಲಿ ಹಾಡಿಸಿ ಇಟ್ಟುಕೊಳ್ಳಬೇಕು ಅಂತಿದ್ದೇನೆ. ಯಾರಾದರೂ ಹೀಗೆ ಮಾಡಿದ್ದೀರಾ?

ಒಂಟಿಕೊಪ್ಪಲ್_ಗೀತ:

ಮಾಡಿದ್ದೇನೆ. ಫ್ಯಾನ್ ಆಫ್ ಮಾಡಿ, ಮೊಬೈಲನ್ನು ಅಜ್ಜಿಯ ಮುಂದೆ ಮಣೆಯ ಮೇಲೆ ಬಟ್ಟೆ ಹಾಸಿ ಇಡಿ, ಕೈಯಲ್ಲಿ ಹಿಡಿದರೆ ಸದ್ದು ಬರುತ್ತದೆ. ಒಂದು ಹಾಡಿಗೆ ಒಂದು ಫೈಲ್, ಶುರುವಿನಲ್ಲೇ ಹಾಡಿನ ಮೊದಲ ಸಾಲು, ಯಾವ ಶಾಸ್ತ್ರಕ್ಕೆ ಹಾಡುವುದು, ಯಾರಿಂದ ಕಲಿತದ್ದು ಅಂತ ಅವರ ಬಾಯಲ್ಲೇ ಹೇಳಿಸಿ. ದಿನಕ್ಕೆ ಎರಡು ಮೂರು ಹಾಡು ಸಾಕು, ಮಧ್ಯಾಹ್ನ ಊಟ ಮಾಡಿ ಮಲಗಿ ಎದ್ದ ಮೇಲೆ ಕೂರಿಸಿ, ಆಗ ಗಂಟಲು ಚೆನ್ನಾಗಿರುತ್ತದೆ. ನಡುವೆ ಮರೆತರೆ ನಿಲ್ಲಿಸಬೇಡಿ, ಹಾಗೇ ಬಿಡಿ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೆ ಅರ್ಧ ಬಂದೇ ಬರುತ್ತದೆ, ಜೊತೆಗೆ ಹಾಡಲಿ.